‘ಲಿವರ್‌ಪೂಲ್’ ಅನ್ನೋ ಪದವೇ ಇಲ್ಲದ ಲಿವರ್‌ಪೂಲ್ ಹಾಡುಗಳು

ಪ್ರಶ್ನೆ: ನಾನೂ ಮಗನೂ ಲಿವರ್‌ಪೂಲ್ ತಂಡದ ಫುಟ್‌ಬಾಲ್ ಪಂದ್ಯಗಳನ್ನು ತಪ್ಪದೆ ನೋಡುತ್ತೇವೆ. ಆಟ ಶುರುವಾಗುವ ಮುಂಚೆ ಇಡೀ ಸ್ಟೇಡಿಯಂ ‘ಯೂ ವಿಲ್ ನೆವರ್ ವಾಕ್ ಅಲೋನ್’ ಹಾಡುತ್ತದಲ್ಲ, ಅದನ್ನು ಕೇಳಿದರೆ ಮೈ ಜುಮ್ ಅನ್ನುತ್ತದೆ. ಅದು ಬೀಟಲ್ಸ್ ಹಾಡು ಅಂತ ನಾನು, ಅಲ್ಲವೇ ಅಲ್ಲ ಅಂತ ಅವನು. ಆ ಊರಿನ ಮೇಲೆ ನಿಜವಾಗಿ ಬಂದಿರುವ ಹಾಡುಗಳು ಯಾವುವು? ಹಾಡಿದ ಬ್ಯಾಂಡ್‌ಗಳು ಅಲ್ಲಿಯವೇನಾ? ಇನ್ನೊಂದು ಅನುಮಾನ: ಬೀಟಲ್ಸ್‌ನ ‘ಪೆನ್ನಿ ಲೇನ್’ ಹಾಡಿನಲ್ಲಿ ಬರುವ ಫೈರ್ ಸ್ಟೇಷನ್ ಆ ಬೀದಿಯಲ್ಲಿ ಇಲ್ಲವೇ ಇಲ್ಲವಂತೆ, ಹೌದಾ?

ಉತ್ತರ: ಮಗನಿಗೆ ಕಾಫಿ ಕೊಡಿಸಿಬಿಡಿ, ಗೆದ್ದಿದ್ದಾನೆ. ಅದು ಬೀಟಲ್ಸ್ ಹಾಡಲ್ಲ. ಲಿವರ್‌ಪೂಲ್ ಬಗ್ಗೆ ಬರೆದದ್ದೂ ಅಲ್ಲ, ಇಂಗ್ಲೆಂಡಿನದ್ದೂ ಅಲ್ಲ. 1945ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಡಿದ ‘ಕ್ಯಾರೊಸೆಲ್’ ಅನ್ನುವ ಸಂಗೀತ ನಾಟಕದ ಹಾಡು ಅದು. ಬರೆದವರು ಆಸ್ಕರ್ ಹ್ಯಾಮರ್‌ಸ್ಟೈನ್, ರಾಗ ಹಾಕಿದವರು ರಿಚರ್ಡ್ ರಾಜರ್ಸ್. ಕಥೆ ನಡೆಯುವುದು ಅಮೆರಿಕದ ಮೇನ್ ರಾಜ್ಯದ ಕಡಲ ದಂಡೆಯಲ್ಲಿ. ಗಂಡ ಸತ್ತು ಕುಸಿದು ಕೂತ ಹೆಂಗಸಿಗೆ ಮನೆಯವರೊಬ್ಬರು ಧೈರ್ಯ ಹೇಳುವ ಸಂದರ್ಭ.

ಅದು ಲಿವರ್‌ಪೂಲ್ ತಂಡದ ಆನ್‌ಫೀಲ್ಡ್ ಮೈದಾನಕ್ಕೆ ಬಂದದ್ದು ಒಂದು ಲಿವರ್‌ಪೂಲ್ ಬ್ಯಾಂಡ್ ಮೂಲಕ. ಬ್ಯಾಂಡಿನ ಹೆಸರು ಜೆರ್ರಿ ಅಂಡ್ ದ ಪೇಸ್‌ಮೇಕರ್ಸ್. ಹಾಡುಗಾರ ಜೆರ್ರಿ ಮಾರ್ಸ್‌ಡನ್, ಡ್ರಮ್ಸ್‌ಗೆ ಅವರ ಅಣ್ಣ ಫ್ರೆಡ್ಡಿ. ಬೀಟಲ್ಸ್‌ನ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ಅವರೇ ಇವರ ಮ್ಯಾನೇಜರ್. ಬೀಟಲ್ಸ್ ಹಾಡುಗಳನ್ನು ರೆಕಾರ್ಡ್ ಮಾಡಿಸುತ್ತಿದ್ದ ಜಾರ್ಜ್ ಮಾರ್ಟಿನ್ ಅವರೇ ಇವರ ಹಾಡುಗಳನ್ನೂ ಮಾಡಿಸಿದ್ದು. ನಿಮಗೆ ಗೊಂದಲ ಆಗಿದ್ದರಲ್ಲಿ ತಪ್ಪಿಲ್ಲ ಬಿಡಿ, ಎರಡೂ ಒಂದೇ ಅಡುಗೆಮನೆಯ ಊಟ. ಪೇಸ್‌ಮೇಕರ್ಸ್‌ನ ಮೊದಲ ಹಾಡು ‘ಹೌ ಡೂ ಯೂ ಡೂ ಇಟ್’ ಕೂಡ ಬೀಟಲ್ಸ್ ಬೇಡವೆಂದು ಬಿಟ್ಟದ್ದೇ. ಬೀಟಲ್ಸ್ ಅದನ್ನು ಸ್ಟುಡಿಯೋದಲ್ಲಿ ಹಾಡಿಯೂ ಆಗಿತ್ತು, ಆದರೆ ಅವರಿಗೆ ತಮ್ಮದೇ ಹಾಡು ಹೊರಬರಬೇಕಿತ್ತು. ಬಿಟ್ಟ ಹಾಡನ್ನು ಜೆರ್ರಿ ಎತ್ತಿಕೊಂಡರು, ಅದು 1963ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಂ. 1 ಆಯಿತು. ಎರಡನೆಯದೂ ನಂ. 1. ಮೂರನೆಯದೇ ‘ಯೂ ವಿಲ್ ನೆವರ್ ವಾಕ್ ಅಲೋನ್’, ಅದೂ ನಂ. 1, ನಾಲ್ಕು ವಾರ.

ಆಗ ಆನ್‌ಫೀಲ್ಡ್‌ನಲ್ಲಿ ಆಟಕ್ಕೆ ಮುಂಚೆ ಆ ವಾರದ ಮೊದಲ ಹತ್ತು ಹಾಡುಗಳನ್ನು ಧ್ವನಿವರ್ಧಕದಲ್ಲಿ ಹಾಕುತ್ತಿದ್ದರು. ಹತ್ತನೆಯದರಿಂದ ಶುರು, ನಂ. 1 ಕೊನೆಗೆ. ಅಂದರೆ ಆಟಗಾರರು ಮೈದಾನಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಕಿವಿಗೆ ಬೀಳುವುದು ನಂ. 1 ಹಾಡು. ವಾರ ವಾರವೂ ಇದೇ ಆಯಿತು. ‘ಕಾಪ್’ ಅಂತ ಕರೆಯುವ ಗ್ಯಾಲರಿಯಲ್ಲಿ ನಿಂತವರಿಗೆ ಬಾಯಿಪಾಠವೂ ಆಯಿತು. ಹಾಡು ಪಟ್ಟಿಯಿಂದ ಇಳಿದ ಮೇಲೂ ಜನ ಬಿಡಲಿಲ್ಲ. ಇವತ್ತು ಸ್ಕಾಟ್ಲೆಂಡಿನ ಸೆಲ್ಟಿಕ್, ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿನವರೂ ಅದನ್ನು ಹಾಡುತ್ತಾರೆ.

ಈ ಹಾಡಿನಲ್ಲಿ ‘ಲಿವರ್‌ಪೂಲ್’ ಅನ್ನುವ ಪದ ಒಮ್ಮೆಯೂ ಬರುವುದಿಲ್ಲ. ಅಮೆರಿಕದವರು ಬರೆದದ್ದು, ಹೇಗೆ ಬರಬೇಕು ಅಲ್ವಾ? ತಮಾಷೆ ಅಂದರೆ, ಅದೇ ಊರಿನ ಹುಡುಗರು ಅದೇ ಊರಿನ ಮೇಲೆ ಬರೆದು ಗೆದ್ದ ಹಾಡುಗಳಲ್ಲೂ ಆ ಹೆಸರು ಇಲ್ಲ. ಹೆಸರು ಬಾಯಿ ತುಂಬ ಹೇಳುವ ಹಾಡುಗಳನ್ನು ಹುಡುಕಿ ನೋಡಿ, ಜಾಸ್ತಿ ಸಿಗುವುದು ಹೊರಗಿನವರದ್ದು ಅಥವಾ ಊರು ಬಿಟ್ಟು ಹೋಗುವವರದ್ದು. ಮನೆಯವರನ್ನು ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲವಲ್ಲ, ಹಾಗೆ.

ಜೆರ್ರಿ ಸ್ವತಃ ಬರೆದ ‘ಫೆರ್ರಿ ಕ್ರಾಸ್ ದ ಮರ್ಸಿ’ಯನ್ನೇ ತಗೊಳ್ಳಿ. 1964ರ ಕೊನೆಯಲ್ಲಿ ಬಂತು, ಮರುವರ್ಷ ಅದೇ ಹೆಸರಿನ ಸಿನಿಮಾ. ಮರ್ಸಿ ಅಂದರೆ ಲಿವರ್‌ಪೂಲಿನ ಪಕ್ಕ ಹರಿಯುವ ನದಿ. ಈಚೆ ದಡದಲ್ಲಿ ಲಿವರ್‌ಪೂಲ್, ಆಚೆ ದಡದಲ್ಲಿ ಬರ್ಕನ್‌ಹೆಡ್ ಮತ್ತು ವಿರಲ್ ಪ್ರದೇಶ. ನಡುವೆ ಓಡಾಡುವ ಫೆರ್ರಿ ದೋಣಿಗೆ ನೂರಾರು ವರ್ಷಗಳ ಇತಿಹಾಸವಿದೆ. 1330ರಲ್ಲಿ ಬರ್ಕನ್‌ಹೆಡ್ ಮಠದ ಸನ್ಯಾಸಿಗಳಿಗೆ ದೋಣಿ ನಡೆಸಲು ರಾಜನ ಸನ್ನದು ಸಿಕ್ಕಿತ್ತು. ಹಾಡಿನಲ್ಲಿ ಹೇಳಿಕೊಳ್ಳುವಂಥ ಕಥೆ ಏನಿಲ್ಲ. ಜನ ಅವರವರ ಪಾಡಿಗೆ ಓಡಾಡುತ್ತಾರೆ, ನನಗೆ ಇಷ್ಟವಾದ ನೆಲ ಇದು, ನಾನು ಇಲ್ಲೇ ಇರುತ್ತೇನೆ ಅನ್ನುವುದಷ್ಟೇ. ನಿಧಾನದ ಧಾಟಿ, ದೋಣಿ ತೂಗಿದ ಹಾಗೆ. ದೋಣಿಯ ಮೇಲೆ ಈಗಲೂ ಪ್ರವಾಸಿಗರಿಗೆ ಇದನ್ನು ಹಾಕುತ್ತಾರೆ. ದಿನಾ ಆಫೀಸಿಗೆ ಹೋಗುವವರ ಕಿವಿಗಳ ಬಗ್ಗೆ ನನಗೆ ಸ್ವಲ್ಪ ಕನಿಕರವಿದೆ. 2021ರ ಜನವರಿ 3ರಂದು ಜೆರ್ರಿ ತೀರಿಕೊಂಡದ್ದು ಆಚೆ ದಡದಲ್ಲಿ, ವಿರಲ್‌ನಲ್ಲಿ.

ಈ ಹಾಡಿಗೆ ಇನ್ನೊಂದು ಜನ್ಮವೂ ಇದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಸತ್ತವರ ಲೆಕ್ಕ ಈಗ 97. ಆ ಕುಟುಂಬಗಳ ನೆರವಿಗಾಗಿ ಜೆರ್ರಿ, ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ, ಹಾಲಿ ಜಾನ್ಸನ್ ಮತ್ತು ದ ಕ್ರಿಶ್ಚಿಯನ್ಸ್ ಬ್ಯಾಂಡ್ ಸೇರಿ ‘ಫೆರ್ರಿ’ಯನ್ನು ಮತ್ತೆ ಹಾಡಿದರು. ಮೊದಲ ಸಲ ನಂ. 8ರಲ್ಲಿ ನಿಂತಿದ್ದ ಹಾಡು ಈ ಸಲ ನಂ. 1ಕ್ಕೆ ಹೋಯಿತು.

ಹಾಲಿ ಜಾನ್ಸನ್ ಹೆಸರು ಬಂದಿತಲ್ಲ, ಒಂದು ಮಾತು. ಅವರು ‘ಫ್ರಾಂಕಿ ಗೋಸ್ ಟು ಹಾಲಿವುಡ್’ ಅನ್ನುವ ಲಿವರ್‌ಪೂಲ್ ಬ್ಯಾಂಡಿನ ಹಾಡುಗಾರ. ಮೊದಲ ಮೂರೂ ಹಾಡು ನಂ. 1 ಆಗಿಸಿದ ಜೆರ್ರಿಯ ದಾಖಲೆಯನ್ನು ಇಪ್ಪತ್ತು ವರ್ಷ ಯಾರೂ ಮುಟ್ಟಿರಲಿಲ್ಲ. 1984ರಲ್ಲಿ ಮುಟ್ಟಿದ್ದು ಇದೇ ಬ್ಯಾಂಡ್. ಅವರ ಮೊದಲ ಹಿಟ್ ‘ರಿಲ್ಯಾಕ್ಸ್’ನ ದೊಡ್ಡ ರೆಕಾರ್ಡನ್ನು ತಿರುಗಿಸಿ ಹಾಕಿದರೆ ಹಿಂಬದಿಯಲ್ಲಿ ಏನಿತ್ತು ಗೊತ್ತಾ? ‘ಫೆರ್ರಿ ಕ್ರಾಸ್ ದ ಮರ್ಸಿ’!

ಈಗ ನಿಮ್ಮ ಫೈರ್ ಸ್ಟೇಷನ್‌ಗೆ ಬರೋಣ. ನೀವು ಓದಿದ್ದು ಸರಿ. ಫೈರ್ ಸ್ಟೇಷನ್ ಇದೆ, ಆದರೆ ಪೆನ್ನಿ ಲೇನ್‌ನಲ್ಲಲ್ಲ. ಅಲ್ಲಿಂದ ಸ್ವಲ್ಪ ದೂರದ ಮ್ಯಾದರ್ ಅವೆನ್ಯೂ ರಸ್ತೆಯಲ್ಲಿದೆ. ಅಷ್ಟೇ ಅಲ್ಲ, ಹಾಡಿನ ಕ್ಷೌರದಂಗಡಿ, ಬ್ಯಾಂಕು, ಸರ್ಕಲ್ ನಡುವಿನ ತಂಗುದಾಣ ಇವು ಯಾವುವೂ ಆ ಬೀದಿಯೊಳಗೆ ಇಲ್ಲ. ಬೀದಿಯ ತುದಿಯಲ್ಲಿ ಸ್ಮಿತ್‌ಡೌನ್ ಪ್ಲೇಸ್ ಅನ್ನುವ ಕೂಡುರಸ್ತೆಯಿದೆ, ಅಲ್ಲಿದ್ದಂಥವು. ಬಸ್ಸುಗಳು ಅಲ್ಲಿಗೆ ಬಂದು ತಿರುಗುತ್ತಿದ್ದವು. ಬಸ್ಸಿನ ಬೋರ್ಡಿನ ಮೇಲೆ ‘ಪೆನ್ನಿ ಲೇನ್’ ಅಂತಿತ್ತು, ಹಾಗಾಗಿ ಸುತ್ತಮುತ್ತಲ ಜಾಗಕ್ಕೆಲ್ಲ ಅದೇ ಹೆಸರು ಅಂಟಿತು. ಬೀಟಲ್ಸ್‌ನ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರೂ ಹುಡುಗರಾಗಿದ್ದಾಗ ಬಸ್ಸು ಬದಲಿಸುತ್ತಿದ್ದ ಜಾಗ ಅದು. ಬಸ್ಸಿಗೆ ಕಾಯುವ ಹುಡುಗನ ಕಣ್ಣಿಗೆ ಏನೇನು ಬೀಳುತ್ತದೋ ಅದಷ್ಟೂ ಹಾಡಿನಲ್ಲಿದೆ. ಫೈರ್ ಸ್ಟೇಷನ್ನನ್ನು ಪಾಲ್ ಒಂದಿಷ್ಟು ಎಳೆದು ತಂದಿದ್ದಾರೆ.

ಎಳೆದದ್ದು ಕಟ್ಟಡವನ್ನು ಮಾತ್ರವಲ್ಲ, ಋತುಗಳನ್ನೂ. ಹಾಡಿನಲ್ಲಿ ಆಕಾಶ ನೀಲಿಯಾಗಿದೆ, ಅದೇ ಹೊತ್ತಿಗೆ ಮಳೆಯೂ ಸುರಿಯುತ್ತಿದೆ. ಒಬ್ಬ ನರ್ಸ್ ತಟ್ಟೆಯಲ್ಲಿಟ್ಟು ಕೆಂಪು ಪಾಪಿ ಹೂವು ಮಾರುತ್ತಾಳೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಬ್ರಿಟನ್ನಿನಲ್ಲಿ ಆ ಹೂವು ಮಾರುವುದು ನವೆಂಬರ್ 11ರ ಆಸುಪಾಸಿನಲ್ಲಿ, ಕೊರೆಯುವ ಚಳಿಯಲ್ಲಿ. ಅಂದರೆ ಇದು ಯಾವುದೋ ಒಂದು ದಿನದ ವರ್ಣನೆ ಅಲ್ಲ, ಹತ್ತಾರು ವರ್ಷ ಅದೇ ಸ್ಟಾಪಿನಲ್ಲಿ ನಿಂತವನ ನೆನಪುಗಳ ಕಲಸುಮೇಲೋಗರ. ‘ಫೋರ್ ಆಫ್ ಫಿಶ್’ ಅಂತ ಒಂದು ಮಾತು ಬರುತ್ತದೆ, ಅದು ನಾಲ್ಕು ಪೆನ್ನಿಯ ಮೀನು ಮತ್ತು ಚಿಪ್ಸ್. ಅದರ ಪಕ್ಕದ ಮಾತು ಹದಿಹರೆಯದ ಹುಡುಗರ ಪೋಲಿ ಮಾತು. ಮಗ ಅರ್ಥ ಕೇಳಿದರೆ ಅದೂ ತಿಂಡಿ ಅಂತ ಹೇಳಿ ಸುಮ್ನಾಗಿ.

ಹಾಡಿನ ನಡುವೆ ಮೇಲಕ್ಕೆ ಚಿಮ್ಮುವ ತುತ್ತೂರಿ ಇದೆಯಲ್ಲ, ಅದು ಪಿಕೊಲೊ ಟ್ರಂಪೆಟ್, ಮಾಮೂಲಿಗಿಂತ ಚಿಕ್ಕದು, ಶ್ರುತಿ ಎತ್ತರ. 1967ರ ಜನವರಿಯಲ್ಲಿ ಪಾಲ್ ಟಿವಿಯಲ್ಲಿ ಬಾಖ್ ಸಂಗೀತದ ಕಛೇರಿ ನೋಡಿದರು. ಅಲ್ಲಿ ಆ ವಾದ್ಯ ನುಡಿಸುತ್ತಿದ್ದವರು ಡೇವಿಡ್ ಮೇಸನ್. ಕೆಲವೇ ದಿನಗಳಲ್ಲಿ ಅವರನ್ನು ಸ್ಟುಡಿಯೋಗೆ ಕರೆಸಿದರು. ಪಾಲ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅವರು ಬಾಯಲ್ಲಿ ಹಾಡಿ ತೋರಿಸಿದರು, ಜಾರ್ಜ್ ಮಾರ್ಟಿನ್ ಬರೆದುಕೊಂಡರು, ಮೇಸನ್ ನುಡಿಸಿದರು. ಇದೆಲ್ಲ ನಡೆದದ್ದು ಲಂಡನ್ನಿನಲ್ಲಿ. ಹಾಡಿನ ಪ್ರಚಾರಕ್ಕೆ ಮಾಡಿದ ಚಿತ್ರದಲ್ಲಿ ಬೀಟಲ್ಸ್ ನಡೆದಾಡುವ ಬೀದಿಯೂ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನದ್ದು. ಪೆನ್ನಿ ಲೇನ್‌ನ ದೃಶ್ಯಗಳನ್ನು ಅವರಿಲ್ಲದೆ ಬೇರೆಯಾಗಿ ತೆಗೆದು ಸೇರಿಸಿದರು.

ಈ ಹಾಡಿನ ಬೀಜ ಎರಡು ವರ್ಷ ಹಿಂದಿನದ್ದು, ಅದು ಜಾನ್ ಕೈಯಲ್ಲಿತ್ತು. 1965ರ ‘ಇನ್ ಮೈ ಲೈಫ್’ ಅನ್ನುವ ಹಾಡನ್ನು ನೀವು ಕೇಳಿರಬಹುದು, ಹಳೆಯ ಜಾಗಗಳನ್ನೂ ಹಳೆಯ ಗೆಳೆಯರನ್ನೂ ನೆನೆಯುವ ಹಾಡು. ಅದರಲ್ಲಿ ಒಂದು ಜಾಗದ ಹೆಸರೂ ಇಲ್ಲ. ಆದರೆ ಜಾನ್ ಬರೆದ ಮೊದಲ ಕರಡಿನಲ್ಲಿ ತುಂಬಿದ್ದುದೇ ಹೆಸರುಗಳು. ಅವರ ಮನೆಯಿಂದ ಪೇಟೆಗೆ ಹೋಗುವ ಬಸ್ಸಿನ ದಾರಿ ಪೂರ್ತಿ: ಪೆನ್ನಿ ಲೇನ್, ಚರ್ಚ್ ರೋಡ್, ಗಡಿಯಾರದ ಗೋಪುರ, ಟ್ರಾಮ್ ಶೆಡ್ಡು, ಕೊನೆಗೆ ‘ಡಾಕರ್ಸ್ ಅಂಬ್ರೆಲಾ’. ಈ ಕೊನೆಯದು ಬಂದರಿನುದ್ದಕ್ಕೂ ಕಂಬಗಳ ಮೇಲೆ ಓಡುತ್ತಿದ್ದ ರೈಲು ಮಾರ್ಗ. ಮಳೆ ಬಂದರೆ ಹಡಗುಕಟ್ಟೆಯ ಕೂಲಿಗಳು ಅದರ ಕೆಳಗೆ ನಿಲ್ಲುತ್ತಿದ್ದರು, ಅದಕ್ಕೇ ಕೂಲಿಗಳ ಕೊಡೆ. 1956ರ ಡಿಸೆಂಬರ್ 30ಕ್ಕೆ ರೈಲು ನಿಂತಿತು, ಆಮೇಲೆ ಎಲ್ಲವನ್ನೂ ಕೆಡವಿದರು. ಕರಡಿನಲ್ಲಿ ಅದನ್ನು ಕೆಡವಿದ ಮಾತೂ ಇದೆ.

ಬರೆದು ನೋಡಿದರೆ ಜಾನ್‌ಗೇ ಬೇಸರ. ರಜೆಯಲ್ಲಿ ಬಸ್ಸಿನಲ್ಲಿ ಹೋಗಿಬಂದ ಮಗು ಬರೆದ ಪ್ರಬಂಧದ ಹಾಗಿತ್ತು ಅಂತ ಆಮೇಲೆ ಅವರೇ ಗೇಲಿ ಮಾಡಿಕೊಂಡಿದ್ದಾರೆ. ಹೆಸರುಗಳನ್ನೆಲ್ಲ ಹೊಡೆದುಹಾಕಿದರು. ಹಾಡು ಯಾವ ಊರಿನವರು ಕೇಳಿದರೂ ತಮ್ಮ ಊರಿನದ್ದೇ ಅನ್ನಿಸುವಂತಾಯಿತು. ಆ ಕರಡು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ನನ್ನನ್ನು ಕೇಳಿದರೆ ಲಿವರ್‌ಪೂಲ್ ಮೇಲೆ ಬಂದ ಅತ್ಯುತ್ತಮ ಹಾಡು ಇದೇ, ಊರಿನ ಸುಳಿವನ್ನೇ ಅಳಿಸಿಕೊಂಡಿದ್ದರೂ.

ಮರುವರ್ಷ ಜಾನ್ ಇನ್ನೊಂದು ದಾರಿ ಹಿಡಿದರು. ಸ್ಪೇನಿನ ಅಲ್ಮೇರಿಯಾದಲ್ಲಿ ಸಿನಿಮಾ ಶೂಟಿಂಗ್, ನಡುವೆ ಬೇಕಾದಷ್ಟು ಖಾಲಿ ಹೊತ್ತು. ಅಲ್ಲಿ ಕೂತು ಬರೆದದ್ದು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. ಲಿವರ್‌ಪೂಲಿನ ವುಲ್ಟನ್ ಬಡಾವಣೆಯಲ್ಲಿ ಜಾನ್ ಬೆಳೆದದ್ದು ಮಿಮಿ ದೊಡ್ಡಮ್ಮನ ಮನೆಯಲ್ಲಿ. ಅಲ್ಲಿಗೆ ಹತ್ತಿರದಲ್ಲೇ ಸಾಲ್ವೇಶನ್ ಆರ್ಮಿಯವರು 1936ರಿಂದ ನಡೆಸುತ್ತಿದ್ದ ಮಕ್ಕಳ ಆಶ್ರಮವಿತ್ತು. ಹೆಸರು ‘ಸ್ಟ್ರಾಬೆರಿ ಫೀಲ್ಡ್’, ಕೊನೆಯ ‘ಸ್’ ಜಾನ್ ಸೇರಿಸಿದ್ದು. ಬೇಸಿಗೆಯಲ್ಲಿ ಅಲ್ಲಿನ ತೋಟದಲ್ಲಿ ಜಾತ್ರೆಯಂಥದ್ದು ನಡೆಯುತ್ತಿತ್ತು. ಬ್ಯಾಂಡ್ ಸದ್ದು ಕೇಳಿದರೆ ಹುಡುಗ ದೊಡ್ಡಮ್ಮನನ್ನು ಎಳೆದುಕೊಂಡು ಓಡುತ್ತಿದ್ದ. ಆಶ್ರಮ 2005ರಲ್ಲಿ ಮುಚ್ಚಿತು, 2019ರಿಂದ ಜನ ಒಳಗೆ ಹೋಗಿ ನೋಡಬಹುದು.

ಈ ಹಾಡನ್ನು ಇವತ್ತೇ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಒಂದು ನಿಮಿಷ ಮೆಲ್ಲಗಿನ ಕೊಳಲಿನಂಥ ಸದ್ದು. ಅದು ಕೊಳಲಲ್ಲ, ಮೆಲೊಟ್ರಾನ್ ಅನ್ನುವ ಕೀಬೋರ್ಡ್. ಎರಡನೇ ಸಲ ಪಲ್ಲವಿ ಬಂದಾಗ, ಸುಮಾರು ಒಂದನೇ ನಿಮಿಷದ ಹತ್ತಿರ, ದಿಢೀರನೆ ಚೆಲ್ಲೋಗಳು ಮತ್ತು ತುತ್ತೂರಿಗಳು ನುಗ್ಗುತ್ತವೆ, ಜಾನ್ ಗಂಟಲೂ ಭಾರವಾದ ಹಾಗೆ ಕೇಳಿಸುತ್ತದೆ. ಅಲ್ಲೇ ಇರುವುದು ಹೊಲಿಗೆ. ಜಾನ್‌ಗೆ ಒಂದು ರೆಕಾರ್ಡಿಂಗಿನ ಆರಂಭವೂ ಇನ್ನೊಂದರ ಉಳಿದ ಭಾಗವೂ ಇಷ್ಟವಾಗಿತ್ತು, ಎರಡನ್ನೂ ಸೇರಿಸಿ ಅಂದರು. ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ. ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮರಿಕ್ ಟೇಪಿನ ಓಟವನ್ನು ಹೆಚ್ಚುಕಮ್ಮಿ ಮಾಡಿದಾಗ ಅದೃಷ್ಟಕ್ಕೆ ಶ್ರುತಿ ಮತ್ತು ವೇಗ ಎರಡೂ ಒಂದೇ ಕಡೆ ಬಂದು ಕೂತವು. ಕತ್ತರಿಸಿ ಅಂಟಿಸಿದರು. ಒಮ್ಮೆ ಆ ಹೊಲಿಗೆ ಕಿವಿಗೆ ಸಿಕ್ಕಿದರೆ ಮುಗೀತು, ಆಮೇಲೆ ಅದು ಕೇಳಿಸದೆ ಇರುವುದೇ ಇಲ್ಲ.

ಜಾನ್ ಬರೆದದ್ದನ್ನು ಕೇಳಿ ಪಾಲ್ ಜವಾಬು ಕೊಟ್ಟ ಹಾಗೆ ಬರೆದದ್ದು ‘ಪೆನ್ನಿ ಲೇನ್’. 1967ರ ಫೆಬ್ರವರಿಯಲ್ಲಿ ಒಂದೇ ರೆಕಾರ್ಡಿನ ಎರಡು ಬದಿಗಳಾಗಿ ಹೊರಬಂದವು. ಬ್ರಿಟನ್ನಿನಲ್ಲಿ ನಂ. 1 ಆಗಲಿಲ್ಲ! ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’ ಅಡ್ಡ ಕೂತಿತ್ತು. ಅತ್ತ ಪೆನ್ನಿ ಲೇನ್‌ನಲ್ಲಿ ಬೀದಿಯ ಬೋರ್ಡುಗಳು ಎಷ್ಟು ಸಲ ಕಳುವಾದವೆಂದರೆ, ಕೊನೆಗೆ ಹೆಸರನ್ನು ಗೋಡೆಯ ಮೇಲೇ ಬರೆಸಬೇಕಾಯಿತು. 2020ರಲ್ಲಿ ಬೇರೆ ಗಲಾಟೆ. ಬೀದಿಯ ಹೆಸರು ಜೇಮ್ಸ್ ಪೆನ್ನಿ ಎಂಬ ಗುಲಾಮರ ವ್ಯಾಪಾರಿಯಿಂದ ಬಂದದ್ದೆಂದು ಯಾರೋ ಬೋರ್ಡುಗಳಿಗೆ ಬಣ್ಣ ಎರಚಿದರು. ಲಿವರ್‌ಪೂಲ್ ಬಂದರು ಆ ವ್ಯಾಪಾರದಿಂದ ಕೊಬ್ಬಿದ್ದು ನಿಜ. ಆದರೆ ಈ ಬೀದಿಗೂ ಆ ಪೆನ್ನಿಗೂ ನಂಟಿದೆ ಅನ್ನುವುದಕ್ಕೆ ಅಲ್ಲಿನ ಗುಲಾಮಗಿರಿ ಮ್ಯೂಸಿಯಂಗೆ ಪುರಾವೆ ಸಿಗಲಿಲ್ಲ.

ಇನ್ನು ‘ಲಿವರ್‌ಪೂಲ್’ ಅಂತ ಹೆಸರು ಹೇಳಿ ಹಾಡುವವರು. ಎಲ್ಲರಿಗಿಂತ ಹಳಬರು ಹಡಗಿನವರು. ‘ದ ಲೀವಿಂಗ್ ಆಫ್ ಲಿವರ್‌ಪೂಲ್’ ಕ್ಯಾಲಿಫೋರ್ನಿಯಾಕ್ಕೆ ಹೊರಟ ನಾವಿಕನೊಬ್ಬ ನಲ್ಲೆಗೆ ಹೇಳುವ ವಿದಾಯ. ಊರು ಬಿಡುವುದಕ್ಕಿಂತ ನಿನ್ನನ್ನು ಬಿಡುವುದೇ ಸಂಕಟ ಅನ್ನುತ್ತಾನೆ. ಹಾಡಿನಲ್ಲಿರುವ ಹಡಗು ‘ಡೇವಿ ಕ್ರಾಕೆಟ್’ ಮತ್ತು ಕ್ಯಾಪ್ಟನ್ ಬರ್ಜೆಸ್ ಇಬ್ಬರೂ ನಿಜ. 1853ರಲ್ಲಿ ಅಮೆರಿಕದಲ್ಲಿ ಕಟ್ಟಿದ ಹಡಗು ಅದು. ಡಿಕ್ ಮೇಟ್‌ಲೆಂಡ್ ಎಂಬ ಹಳೆಯ ನಾವಿಕನ ಬಾಯಿಂದ ಹಾಡನ್ನು ಬರೆದುಕೊಂಡವರು ವಿಲಿಯಂ ಡೋರ್‌ಫ್ಲಿಂಗರ್, ಅವರೂ ಅಮೆರಿಕದವರು. ಅದನ್ನು ಮನೆಮಾತು ಮಾಡಿದ್ದು ಐರ್ಲೆಂಡಿನವರು: ಕ್ಲಾನ್ಸಿ ಬ್ರದರ್ಸ್, ದ ಡಬ್ಲಿನರ್ಸ್.

1980ರ ದಶಕದ ಹಾಡು ಬೇಕಾದರೆ ‘ಗೋಯಿಂಗ್ ಡೌನ್ ಟು ಲಿವರ್‌ಪೂಲ್’. ಬರೆದದ್ದು ಕೇಂಬ್ರಿಡ್ಜ್‌ನ ಬ್ಯಾಂಡ್ ಕಟ್ರಿನಾ ಅಂಡ್ ದ ವೇವ್ಸ್‌ನ ಕಿಂಬರ್ಲಿ ರೂ. 1984ರಲ್ಲಿ ಅದನ್ನು ಮತ್ತೆ ಹಾಡಿದ್ದು ಲಾಸ್ ಏಂಜಲೀಸ್‌ನ ನಾಲ್ವರು ಹುಡುಗಿಯರ ಬ್ಯಾಂಡ್, ದ ಬ್ಯಾಂಗಲ್ಸ್. ಧಾಟಿ ಕೇಳಿದರೆ ಯಾರೋ ಪಿಕ್ನಿಕ್ಕಿಗೆ ಹೊರಟ ಹಾಗಿದೆ. ಆದರೆ ಕೈಯಲ್ಲಿರುವುದು ‘ಯುಬಿ40’, ಅಂದರೆ ನಿರುದ್ಯೋಗಿಗಳಿಗೆ ಸರ್ಕಾರ ಕೊಡುತ್ತಿದ್ದ ಕಾರ್ಡು. ಬಂದರಿನ ಕೆಲಸಗಳು ಹೋಗಿ ಊರಿನ ಯುವಕರು ಸುಮ್ನೆ ಬೀದಿ ಕಾಯುತ್ತಿದ್ದ ಕಾಲ. ಲಿವರ್‌ಪೂಲಿನ ಕೆಟ್ಟ ದಿನಗಳನ್ನು ಹಾಡಲು ಕೇಂಬ್ರಿಡ್ಜ್‌ನವನೂ ಕ್ಯಾಲಿಫೋರ್ನಿಯಾದವರೂ ಬೇಕಾಯಿತು. ಅದೇ ಹೊತ್ತಿನ ಲಿವರ್‌ಪೂಲ್ ಬ್ಯಾಂಡ್ ಎಕೋ ಅಂಡ್ ದ ಬನ್ನಿಮೆನ್ ಚಂದ್ರ, ಸಾಗರ, ವಿಧಿ ಅಂತ ಹಾಡುತ್ತಿತ್ತು.

1972ರ ಕ್ರಿಸ್‌ಮಸ್‌ಗೆ ನಂ. 1 ಆದ ‘ಲಾಂಗ್ ಹೇರ್ಡ್ ಲವರ್ ಫ್ರಮ್ ಲಿವರ್‌ಪೂಲ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಡಿದ್ದು ಅಮೆರಿಕದ ಜಿಮ್ಮಿ ಆಸ್ಮಂಡ್, ವಯಸ್ಸು 9. ಕೇಳದಿದ್ದರೂ ನಷ್ಟವಿಲ್ಲ.

ನನ್ನ ಮಾತಿಗೆ ಅಪವಾದಗಳೂ ಇವೆ. ಬೀಟಲ್ಸ್‌ನ 1970ರ ‘ಲೆಟ್ ಇಟ್ ಬಿ’ ಆಲ್ಬಮ್ಮಿನಲ್ಲಿ ‘ಮ್ಯಾಗಿ ಮೇ’ ಅನ್ನುವ 40 ಸೆಕೆಂಡಿನ ತುಣುಕಿದೆ, ಹಳೆಯ ನಾವಿಕರ ಹಾಡು, ಅದರಲ್ಲಿ ಊರಿನ ಹೆಸರು ಬರುತ್ತದೆ. ಇನ್ನೊಂದು ‘ಇನ್ ಮೈ ಲಿವರ್‌ಪೂಲ್ ಹೋಮ್’. ಇದು ಅಪ್ಪಟ ಒಳಗಿನವರದ್ದು. ಬರೆದದ್ದು ಪೀಟ್ ಮೆಕ್‌ಗವರ್ನ್, ಜನಪ್ರಿಯ ಮಾಡಿದ್ದು ದ ಸ್ಪಿನ್ನರ್ಸ್ ಅನ್ನುವ ಲಿವರ್‌ಪೂಲ್ ಜಾನಪದ ತಂಡ. ಇವರಿಂದಾಗಿಯೇ ಅದೇ ಹೆಸರಿನ ಅಮೆರಿಕದ ತಂಡ ಬ್ರಿಟನ್ನಿನಲ್ಲಿ ‘ಡೆಟ್ರಾಯಿಟ್ ಸ್ಪಿನ್ನರ್ಸ್’ ಆಗಬೇಕಾಯಿತು. ಇದರಲ್ಲಿರುವುದು ತಮ್ಮನ್ನು ತಾವೇ ಕಾಲೆಳೆದುಕೊಳ್ಳುವ ತಮಾಷೆ. ನಾವು ಸೇರುವುದು ಬತ್ತಲೆ ವಿಗ್ರಹದ ಕೆಳಗೆ, ನಿಮಗೆ ಕೆಥೆಡ್ರಲ್ ಬೇಕಿದ್ದರೆ ಹೇಳಿ, ನಮ್ಮಲ್ಲಿ ಒಂದು ಹೆಚ್ಚಿಗೆ ಇದೆ ಅನ್ನುತ್ತಾರೆ. ಎರಡೂ ನಿಜ. ಲೂಯಿಸ್ ಅಂಗಡಿಯಿದ್ದ ಕಟ್ಟಡದ ಬಾಗಿಲ ಮೇಲೆ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಮಾಡಿದ, ಹಡಗಿನ ಮೂತಿಯ ಮೇಲೆ ಬಟ್ಟೆಯಿಲ್ಲದೆ ನಿಂತ ಗಂಡಸಿನ ವಿಗ್ರಹವಿದೆ. ಊರಿನ ಹುಡುಗ ಹುಡುಗಿಯರು ಭೇಟಿಗೆ ಗುರುತು ಹೇಳುತ್ತಿದ್ದುದೇ ಅದನ್ನು. ದೊಡ್ಡ ಕೆಥೆಡ್ರಲ್‌ಗಳೂ ಎರಡು, ಒಂದೇ ರಸ್ತೆಯ ಆ ತುದಿ ಈ ತುದಿ.

ಇನ್ನೊಂದು ಅಪವಾದ ಬೀಟಲ್ಸ್‌ನ ರಿಂಗೋ ಸ್ಟಾರ್. 2008ರಲ್ಲಿ ಲಿವರ್‌ಪೂಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದಾಗ ಅವರು ‘ಲಿವರ್‌ಪೂಲ್ 8’ ಅನ್ನುವ ಹಾಡು ಮಾಡಿದರು. 8 ಅನ್ನುವುದು ಅವರು ಹುಟ್ಟಿದ ಡಿಂಗಲ್ ಇರುವ ಅಂಚೆ ವಲಯ. ಜೆರ್ರಿ ಮಾರ್ಸ್‌ಡನ್ ಹುಟ್ಟಿದ್ದೂ ಡಿಂಗಲ್‌ನಲ್ಲೇ. ಊರೇ, ನಿನ್ನನ್ನು ಬಿಟ್ಟು ಹೋದೆ, ಆದರೆ ಕೈಬಿಡಲಿಲ್ಲ ಅನ್ನುವ ಅರ್ಥದ ಹಾಡು. ಸೇಂಟ್ ಜಾರ್ಜ್ಸ್ ಹಾಲ್ ಕಟ್ಟಡದ ಮೇಲೆ ನಿಂತು ಅದನ್ನು ಹಾಡಿದರು, ಕೆಳಗೆ ಸಾವಿರಾರು ಜನ ಚಪ್ಪಾಳೆ ಹೊಡೆದರು. ಸ್ವಲ್ಪ ದಿನಕ್ಕೆ ಟಿವಿ ಕಾರ್ಯಕ್ರಮವೊಂದರಲ್ಲಿ, ಲಿವರ್‌ಪೂಲಿನ ಯಾವುದಾದರೂ ನೆನಪಾಗುತ್ತದಾ ಅಂತ ಕೇಳಿದಾಗ ನಗುನಗುತ್ತಲೇ ಇಲ್ಲ ಅಂದುಬಿಟ್ಟರು. ಊರಿನ ಒಂದು ರೈಲ್ವೆ ಸ್ಟೇಷನ್ ಹತ್ತಿರ ಗಿಡಗಳನ್ನು ಕತ್ತರಿಸಿ ಬೀಟಲ್ಸ್ ನಾಲ್ವರ ಆಕಾರ ಮಾಡಿ ನಿಲ್ಲಿಸಿದ್ದರು. ಒಂದು ದಿನ ನೋಡಿದರೆ ಜಾನ್, ಪಾಲ್, ಜಾರ್ಜ್ ಮೂವರೂ ನೆಟ್ಟಗಿದ್ದರು. ರಿಂಗೋ ಗಿಡದ ತಲೆಯನ್ನು ಮಾತ್ರ ಯಾರೋ ಕತ್ತರಿಸಿಕೊಂಡು ಹೋಗಿದ್ದರು.